ತಾಯಿ ಹಣ್ಣು

ಆಗಸ್ಟ್ 14

ಕಾಯಿಮರಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಹೊಸ ಕೆಲಸದ ಪತ್ರ ಕೈಸೇರಿತು. ಮೊದಲ ಸಲ ಕನ್ನಡಕವಿಲ್ಲದೆ ಓದಿದೆ, ಏನೋ ತಪ್ಪು ಓದಿದೆ ಅಂದುಕೊಂಡೆ. ಕನ್ನಡಕ ಹಾಕಿ ಓದಿದರೂ ಅದೇ ಇತ್ತು. ಹಣ್ಣು ಮಾಗದಂತೆ ತಡೆಯುವ ಮದ್ದು ಮಾಡುವ ಕಂಪನಿಗೆ ಸೇರಿದ್ದೀಯ. ಅಲ್ಲ ಕಣೇ, ನಿನ್ನ ಅಜ್ಜಿ ಹಣ್ಣು ಮಾಗಿಸಿ ನನ್ನನ್ನೂ ನಿನ್ನ ಅಮ್ಮನನ್ನೂ ಸಾಕಿದಳು. ನಾನು ಹಣ್ಣು ಮಾಗಿಸಿ ನಿನ್ನನ್ನು ಸಾಕಿದೆ. ನೀನು ಅದನ್ನು ತಡೆದು ಸಂಬಳ ತೆಗೆದುಕೊಳ್ಳುತ್ತೀಯ. ಮನೆಯೊಳಗೇ ಶತ್ರುವನ್ನು ಬೆಳೆಸಿದೆ ಅಂತ ಪಕ್ಕದ ಲಾಂಡ್ರಿಯವನಿಗೆ ಹೇಳಿದೆ. "ಹೋಗ್ಲಿ ಬಿಡಿ, ಹುಡುಗಿ ಒಳ್ಳೇ ಕಡೆ ಸೇರ್ಕೊಂಡ್ಲಲ್ಲ" ಅಂದ. ನನಗೂ ಸಂತೋಷವಾಗಿದೆ. ಅದನ್ನು ಅವನಿಗೆ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇಲ್ಲಿ ಎಲ್ಲವೂ ಹಾಗೇ ಇದೆ. ಲಾಂಡ್ರಿಯ ಬಾಯ್ಲರ್ ಗೋಡೆಯ ಆ ಕಡೆ ಕುದಿಯುತ್ತದೆ, ಈ ಕಡೆ ನಮ್ಮ ಮಾಗಿಸುವ ಕೋಣೆ ಬೆಚ್ಚಗಿರುತ್ತದೆ. ಬಾಗಿಲ ಸಂದಿಗೆ ಕಂಬಳಿ ತುರುಕಿದ್ದೇನೆ. ನೀನು ಬೆರಳು ಹಾಕಿ ದೊಡ್ಡದು ಮಾಡಿದ ತೂತು ಇರುವ ಕಂಬಳಿಯೇ. ಹಲಗೆಗಳನ್ನು ಬಿಸಿನೀರಿನಲ್ಲಿ ಉಜ್ಜಿಟ್ಟಿದ್ದೇನೆ. ಮುಂದಿನ ತಿಂಗಳು ಗುಡ್ಡದ ತೋಟದ ಮರಸೇಬು ಬರುತ್ತದೆ. ಆಸ್ಪತ್ರೆಯ ಅಡುಗೆಮನೆಯವರು ಈಗಲೇ ಹೇಳಿ ಕಳಿಸಿದ್ದಾರೆ. ಹಲ್ಲಿಲ್ಲದವರಿಗೆ, ನುಂಗಲಾಗದವರಿಗೆ, ಚಮಚದಲ್ಲಿ ತೆಗೆದರೆ ಬರುವಷ್ಟು ಮೆತ್ತಗಿರಬೇಕು. ಅದು ನನ್ನನ್ನು ಬಿಟ್ಟರೆ ಈ ಊರಿನಲ್ಲಿ ಯಾರ ಕೈಯಲ್ಲೂ ಆಗುವುದಿಲ್ಲ. ಜಂಬ ಅಂದುಕೊಂಡರೆ ಅಂದುಕೋ.

ಕಟ್ಟಡದ ಮಾಲೀಕ ಮತ್ತೆ ಬಂದಿದ್ದ. ಅಳಿಯನಿಗೆ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಹಾಕಿಕೊಡಬೇಕಂತೆ, ಈ ಕೋಣೆ ಬೇಕಂತೆ. ಗೋಡೆ ತಟ್ಟಿ ನೋಡಿದ. "ಅಮ್ಮ, ನಿಮಗೂ ವಯಸ್ಸಾಯ್ತು" ಅಂದ. "ನನ್ನ ಮೂಗು ಇರೋವರೆಗೂ ಈ ಕೋಣೆ ನಂದು. ಮೂಗು ಕೆಟ್ಟ ದಿನ ನಾನೇ ಬಂದು ಕೀಲಿ ಕೊಡ್ತೀನಿ, ನೀನು ಕೇಳೋದೇ ಬೇಡ" ಅಂದೆ. ಮಾತು ಅಂದರೆ ಮಾತು. ಅವನು ತಲೆಯಾಡಿಸಿಕೊಂಡು ಹೋದ.

ಫೋನ್ ಮಾಡಬೇಡ. ಕಿವಿ ಹೇಗೂ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಬರೆ.

ದೊಡ್ಡಮ್ಮ


ಆಗಸ್ಟ್ 23

ದೊಡ್ಡಮ್ಮನಿಗೆ ನಿನ್ನ ಶತ್ರು ಮಾಡುವ ನಮಸ್ಕಾರ.

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಒಬ್ಬಳೇ ನಗುತ್ತಿದ್ದೆ, ಕಾವಲಿನವರು ಎರಡು ಸಲ ಬಂದು ನೋಡಿಕೊಂಡು ಹೋದರು.

ನನ್ನ ಕೆಲಸ ಏನೆಂದು ಹೇಳುತ್ತೇನೆ ಕೇಳು. ಇಡೀ ದಿನ ಗಾಜಿನ ಜಾಡಿಗಳ ಮುಂದೆ ಇರುತ್ತೇನೆ. ಪ್ರತಿ ಜಾಡಿಯಲ್ಲಿ ಒಂದು ಮರಸೇಬು, ಮೇಲೆ ಗಟ್ಟಿ ಮುಚ್ಚಳ. ಒಂದು ಗಂಟೆ ಬಿಟ್ಟು ಮುಚ್ಚಳದ ರಬ್ಬರಿಗೆ ಸೂಜಿ ಚುಚ್ಚಿ ಒಳಗಿನ ಗಾಳಿ ಎಳೆದು ಯಂತ್ರಕ್ಕೆ ಕೊಡುತ್ತೇನೆ. ಹಣ್ಣು ಮಾಗುವಾಗ ತಾನೇ ಒಂದು ಅನಿಲ ಬಿಡುತ್ತದೆ, ಎಥಿಲೀನ್ ಅಂತ. ಆ ಅನಿಲವೇ ಹಣ್ಣಿಗೆ ಇನ್ನು ಮೆತ್ತಗಾಗು, ಸಿಹಿಯಾಗು, ವಾಸನೆ ಬಿಡು ಎಂದು ಹೇಳುವುದು. ಕಾಯಿಯೊಳಗೆ ಈ ಅನಿಲ ತಯಾರು ಮಾಡುವ ಒಬ್ಬ ಕೆಲಸಗಾರ ಇದ್ದಾನೆ ಅಂದುಕೋ. ನಮ್ಮ ಮದ್ದು ಹೋಗಿ ಅವನ ಕೈ ಹಿಡಿದುಕೊಳ್ಳುತ್ತದೆ, ಅಷ್ಟೇ. ಕೊಯ್ಲಿಗೆ ಕೆಲವು ವಾರ ಮುಂಚೆ ಮರಕ್ಕೆ ಸಿಂಪಡಿಸಿದರೆ ಕಾಯಿ ಗಾಳಿಗೆ ಉದುರುವುದಿಲ್ಲ, ಗಟ್ಟಿಯಾಗಿ ಉಳಿಯುತ್ತದೆ, ದೂರದ ಊರಿಗೆ ಕೆಡದೆ ಹೋಗುತ್ತದೆ. ತಿನ್ನುವವರಿಗೆ ಏನೂ ಆಗುವುದಿಲ್ಲ, ಅದನ್ನೆಲ್ಲ ಮೊದಲೇ ನೋಡಿದ್ದಾರೆ. ಈ ವರ್ಷ ಕೆಲವು ತೋಟಗಳಲ್ಲಿ ಪ್ರಯೋಗ ನಡೆದಿದೆ. ಯಾವ ತೋಟ ಎಂದು ನಮಗೂ ಹೇಳುವುದಿಲ್ಲ, ಜಾಡಿಯ ಮೇಲೆ ಬರೀ ನಂಬರು. ಗೊತ್ತಾದರೂ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ಸಹಿ ಹಾಕಿದ್ದೇವೆ.

ಜಾಡಿ ತೆರೆದಾಗಲೆಲ್ಲ ನನಗೆ ನಮ್ಮ ಕೋಣೆ ನೆನಪಾಗುತ್ತದೆ. ಅಮ್ಮ ಹೋದ ವರ್ಷ, ನಾನು ಬಂದ ಮೊದಲ ಚಳಿಗಾಲ, ಮನೆಯಲ್ಲಿ ಅದೊಂದೇ ಬೆಚ್ಚಗಿನ ಜಾಗ ಅಂತ ನನ್ನನ್ನು ಪೆಟ್ಟಿಗೆಗಳ ನಡುವೆ ಮಲಗಿಸುತ್ತಿದ್ದೆಯಲ್ಲ. ಬೆಳಗ್ಗೆ ನೀನು ಎಬ್ಬಿಸುವ ಮೊದಲೇ ವಾಸನೆ ಎಬ್ಬಿಸುತ್ತಿತ್ತು. ಶಾಲೆಯಲ್ಲಿ ನನ್ನ ಸ್ವೆಟರ್ ಮೂಸಿ ಮಕ್ಕಳು ಹಣ್ಣಿನಂಗಡಿ ಎಂದು ಕರೆಯುತ್ತಿದ್ದರು. ನಾನು ಅತ್ತುಕೊಂಡು ಬಂದರೆ "ಮೀನಂಗಡಿ ಅನ್ಲಿಲ್ವಲ್ಲ, ಸುಮ್ನಿರು" ಅನ್ನುತ್ತಿದ್ದೆ. ನನ್ನ ಕಣ್ಣಿಗೆ ಟವೆಲ್ ಕಟ್ಟಿ ಯಾವ ಪೆಟ್ಟಿಗೆ ಇವತ್ತು ಸಿದ್ಧ ಎಂದು ಕೇಳುತ್ತಿದ್ದೆ. ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ನಾನು ಟವೆಲಿನ ಕೆಳಗಿಂದ ಇಣುಕಿ, ಹಣ್ಣಿನ ಕತ್ತಿನ ಹತ್ತಿರ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ನೀನು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ.

ಇನ್ನೊಂದು, ತಾಯಿ ಹಣ್ಣು. ಹಟಮಾರಿ ಕಾಯಿ ಬಂದಾಗ ಪೆಟ್ಟಿಗೆಯ ನಡುವೆ ಒಂದು ಕಳಿತು ಹೋದ ಹಣ್ಣು ಇಟ್ಟು, "ಇವಳು ಮಕ್ಕಳ್ನ ಎಬ್ಬಿಸ್ತಾಳೆ" ಅನ್ನುತ್ತಿದ್ದೆ. ನಗರಸಭೆಯ ಇನ್‌ಸ್ಪೆಕ್ಟರ್ ಬಂದು ಕೊಳೆತ ಹಣ್ಣು ಇಡುವಂತಿಲ್ಲ ಅಂದ ಮೇಲೆ ಬಿಟ್ಟುಬಿಟ್ಟೆ. ಅವಳು ಹೇಗೆ ಎಬ್ಬಿಸುತ್ತಿದ್ದಳು ಎಂದು ನನಗೆ ಈಗ ಗೊತ್ತು. ಅವಳ ಅನಿಲ ಉಳಿದವಕ್ಕೆ ತಾಗುತ್ತಿತ್ತು. ಅಜ್ಜಿ ಇದ್ದಿದ್ದರೆ ಹೇಳಬಹುದಿತ್ತು.

ಗುಡ್ಡದ ಹಣ್ಣು ಬಂದ ದಿನ ಬರೆ. ವಾಸನೆಯನ್ನು ಕಾಗದದಲ್ಲಿ ಹೇಗೆ ಕಳಿಸುತ್ತೀಯೋ ನೋಡೋಣ.

ನಿನ್ನ ಕಾಯಿಮರಿ


ಸೆಪ್ಟೆಂಬರ್ 12

ಕಾಯಿಮರಿ,

ಬಂತು. ಗುಡ್ಡದ ತೋಟದವನು ತಾನೇ ವ್ಯಾನಿನಲ್ಲಿ ಬಂದು ಇಳಿಸಿದ. ಏನು ಕಾಯಿ ಅಂತೀಯ, ಒಂದಕ್ಕೂ ಕಲೆಯಿಲ್ಲ, ಎಲ್ಲ ಅಳತೆ ಕೊಟ್ಟು ಮಾಡಿಸಿದ ಹಾಗಿವೆ. "ಈ ಸಲ ಒಂದು ಕಾಯೂ ಉದುರ್ಲಿಲ್ಲ ಅಮ್ಮ, ಆ ಗಾಳಿಗೂ ಅಲ್ಲಾಡ್ಲಿಲ್ಲ" ಅಂತ ಮೀಸೆ ತಿರುವುತ್ತಿದ್ದ. ಪ್ರತಿ ವರ್ಷ ಅರ್ಧ ಫಸಲು ನೆಲದ ಮೇಲೆ ಅಂತ ಗೋಳಾಡುವವನು. "ಏನಪ್ಪಾ ಗೊಬ್ಬರ ಹಾಕ್ದೆ?" ಅಂತ ಕೇಳಿದರೆ ಸುಮ್ಮನೆ ನಗುತ್ತಾನೆ. ಒಳ್ಳೇ ಕಾಲ ಬಂದಿದೆ ಅವನಿಗೆ. ಬರಲಿ ಪಾಪ, ಮಗಳ ಮದುವೆ ಬೇರೆ ಇದೆ.

ಅರ್ಧ ಪೆಟ್ಟಿಗೆಗಳನ್ನು ಕೋಣೆಗೆ ಸೇರಿಸಿದೆ, ಉಳಿದದ್ದನ್ನು ಮೆಟ್ಟಿಲ ಕೆಳಗಿನ ತಣ್ಣನೆಯ ಗೂಡಿನಲ್ಲಿ ಇಟ್ಟಿದ್ದೇನೆ. ಬಾಗಿಲು ಹಾಕಿ ಕಂಬಳಿ ತುರುಕುವಾಗ ನಿನ್ನ ನೆನಪಾಯಿತು. ಬಾಗಿಲು ಹಾಕುವಾಗ ನೀನು ಒಳಗಿನ ಕಾಯಿಗಳಿಗೆ "ಹುಷಾರಾಗಿ ಮಲ್ಕೊಳ್ಳಿ" ಅಂತ ಹೇಳದೆ ಬರುತ್ತಿರಲಿಲ್ಲ. ಇವತ್ತು ನಾನೇ ಹೇಳಿದೆ. ಲಾಂಡ್ರಿಯವನು ಕೇಳಿಸಿಕೊಂಡ ಅಂತ ಕಾಣುತ್ತದೆ, ಮುಖ ಆ ಕಡೆ ತಿರುಗಿಸಿಕೊಂಡ.

ಇನ್ನು ಐದಾರು ದಿನದಲ್ಲಿ ವಾಸನೆ ಶುರುವಾಗುತ್ತದೆ. ಗುಡ್ಡದ ಹಣ್ಣಿನದು ನಿನಗೆ ಗೊತ್ತಲ್ಲ, ಮೊದಲು ಒದ್ದೆ ಹುಲ್ಲಿನ ಹಾಗೆ, ಆಮೇಲೆ ಜೇನಿನ ಹಾಗೆ. ಜೇನಿನ ದಿನ ಆಸ್ಪತ್ರೆಗೆ ಕಳಿಸಬೇಕು, ಒಂದು ದಿನ ತಡವಾದರೂ ಹೆಂಡದ ವಾಸನೆ. ಮೇಲಿನ ಸಾಲಿನ ಮರಗಳದ್ದು ಇನ್ನೂ ಜಾಸ್ತಿ. ಇಡೀ ವರ್ಷ ನಾನು ಕಾಯುವುದೇ ಅದಕ್ಕೆ. ಬಂದ ದಿನ ಬರೆಯುತ್ತೇನೆ, ಕಾಗದವನ್ನು ಒಂದು ರಾತ್ರಿ ಪೆಟ್ಟಿಗೆಯೊಳಗೆ ಇಟ್ಟು ಕಳಿಸುತ್ತೇನೆ. ಮೂಸಿ ನೋಡು.

ದೊಡ್ಡಮ್ಮ


ಸೆಪ್ಟೆಂಬರ್ 25

ಕಾಯಿಮರಿ,

ಈ ಕಾಗದ ಮೂಸಬೇಡ. ಏನೂ ಇಲ್ಲ.

ವಾಸನೆ ಬರಲಿಲ್ಲ. ಐದಾರು ದಿನ ಕಾದೆ, ಗೋಡೆ ತಣ್ಣಗಿದೆಯೇನೋ ಅಂತ ಲಾಂಡ್ರಿಯವನಿಗೆ ಬಾಯ್ಲರ್ ಜಾಸ್ತಿ ಮಾಡು ಅಂತ ಗಂಟು ಬಿದ್ದೆ. ಆಮೇಲೂ ಕಾದೆ. ಬೆಳಗ್ಗೆ ಬಾಗಿಲಲ್ಲಿ ನಿಂತು ಉಸಿರೆಳೆದರೆ ಹಲಗೆಯ ವಾಸನೆ, ಕಂಬಳಿಯ ವಾಸನೆ ಬರುವ ಹಾಗಿದೆ. ಅದೂ ಬರುತ್ತದೋ, ಇಷ್ಟು ವರ್ಷದ ಅಭ್ಯಾಸಕ್ಕೆ ಬಂದ ಹಾಗನ್ನಿಸುತ್ತದೋ ಗೊತ್ತಿಲ್ಲ. ಹಣ್ಣಿನದು ಮಾತ್ರ ಇಲ್ಲ.

ಕೊನೆಗೆ ಏನು ಮಾಡಿದೆ ಗೊತ್ತಾ? ಹಣ್ಣು ಆಗಿರಬೇಕು, ನನಗೇ ವಾಸನೆ ತಿಳಿಯುತ್ತಿಲ್ಲ ಅಂತ ದಿನದ ಲೆಕ್ಕದ ಮೇಲೆ ಒಂದು ಪೆಟ್ಟಿಗೆ ಆಸ್ಪತ್ರೆಗೆ ಕಳಿಸಿಬಿಟ್ಟೆ. ಮುಟ್ಟಿಯೂ ನೋಡಲಿಲ್ಲ. ಮುಟ್ಟಿ ನೋಡುವುದು ಮೂಗಿಲ್ಲದವರ ಕೆಲಸ ಅಂತ ನಿನ್ನನ್ನು ಎಷ್ಟು ಸಲ ಬೈದಿದ್ದೇನೆ, ನಾನೇ ಒತ್ತಿ ನೋಡಲೇ? ಸಂಜೆ ಪೆಟ್ಟಿಗೆ ವಾಪಸ್ ಬಂತು. ಅಡುಗೆಯವನು ಹೇಳಿ ಕಳಿಸಿದ್ದ: "ಅಮ್ಮಂಗೆ ಹೇಳಿ, ಗೋಡೆಗೆ ಮೊಳೆ ಹೊಡೆಯೋಕೆ ಚೆನ್ನಾಗಿದೆ." ತಂದವನು ನಗುತ್ತಲೇ ಹೇಳಿದ. ನಾನೂ ನಕ್ಕೆ. ಅವನು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಷ್ಟೇ ಆಗಿದ್ದರೆ ಕಾಯಿ ಹಟ ಹಿಡಿದಿದೆ ಅನ್ನಬಹುದಿತ್ತು. ಮೊನ್ನೆ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗಿದೆ, ನನಗೆ ತಿಳಿಯಲೇ ಇಲ್ಲ. ಮೇಲಿನ ಮನೆಯವಳು ಓಡಿ ಬಂದು ಆರಿಸಿದಳು. "ಏನಮ್ಮ, ವಾಸನೆ ಬರ್ಲಿಲ್ವಾ?" ಅಂದಳು. ಬೇರೆ ಯಾರನ್ನಾದರೂ ಕೇಳಿದ್ದರೆ ಅದು ಬರೀ ಮಾತು. ಕೇಳಿದ್ದು ನನ್ನನ್ನು.

ಮಾಲೀಕನಿಗೆ ಕೊಟ್ಟ ಮಾತು ನಿನಗೆ ಬರೆದಿದ್ದೆ. ನಾನು ಅದನ್ನು ಮರೆತಿಲ್ಲ, ಅವನೂ ಮರೆತಿರಲಾರ.

ನೀನು ಇಷ್ಟು ಓದಿದ್ದೀಯ. ಹಣ್ಣಿನದೂ ಓದಿದ್ದೀಯ, ಮನುಷ್ಯರದೂ ಸ್ವಲ್ಪ ಓದಿರಬೇಕು. ಕಾಯಿ ಕೆಟ್ಟಿದೆಯಾ, ನಾನು ಕೆಟ್ಟಿದ್ದೇನಾ? ಮುಚ್ಚುಮರೆ ಮಾಡದೆ ಹೇಳು. ಬೇರೆ ಯಾರನ್ನೂ ಕೇಳುವ ಧೈರ್ಯ ಇಲ್ಲ.

ದೊಡ್ಡಮ್ಮ


ಸೆಪ್ಟೆಂಬರ್ 29

ದೊಡ್ಡಮ್ಮ,

ನಿನ್ನ ಎರಡು ಪತ್ರಗಳೂ ತಲುಪಿವೆ. ಲ್ಯಾಬಿನಲ್ಲಿ ಕೆಲಸ ತುಂಬ ಇದೆ, ಅದಕ್ಕೆ ಸಣ್ಣ ಪತ್ರ.

ಗಾಬರಿಯಾಗಬೇಡ. ಈಚೆಗೆ ನೆಗಡಿ ಏನಾದರೂ ಆಗಿತ್ತಾ? ವಯಸ್ಸಾದಂತೆ ವಾಸನೆ ತಿಳಿಯುವುದು ಕೆಲವರಲ್ಲಿ ಕಡಿಮೆಯಾಗುತ್ತದೆ ಎನ್ನುತ್ತಾರೆ. ಒಮ್ಮೆ ಡಾಕ್ಟರಿಗೆ ತೋರಿಸಿಕೊಂಡರೆ ಒಳ್ಳೆಯದು. ಕಾಯಿಗಳನ್ನು ಇನ್ನೂ ಕೆಲವು ದಿನ ಹಾಗೇ ಬಿಟ್ಟು ನೋಡು. ಮಾಲೀಕನಿಗೆ ಸದ್ಯಕ್ಕೆ ಏನೂ ಹೇಳಬೇಡ.

ಸಮಯ ಸಿಕ್ಕಾಗ ವಿವರವಾಗಿ ಬರೆಯುತ್ತೇನೆ. ಆರೋಗ್ಯ ನೋಡಿಕೋ.

ಕಾಯಿಮರಿ


ಅಕ್ಟೋಬರ್ 4

ಕಾಯಿಮರಿಗೆ,

ಪತ್ರ ಬಂತು. ನೇರವಾಗಿ ಹೇಳಿದ್ದು ಒಳ್ಳೆಯದಾಯಿತು.

ನೆಗಡಿ ಆಗಿರಲಿಲ್ಲ. ಹಾಗಾದರೆ ಉಳಿದದ್ದು ವಯಸ್ಸು. ಅದಕ್ಕೆ ಡಾಕ್ಟರ್ ಏನು ಮಾಡುತ್ತಾನೆ, ಅವನಿಗೂ ಆಗುತ್ತಿದೆ.

ಹತ್ತನೇ ತಾರೀಖು ಮಾಲೀಕನಿಗೆ ಕೀಲಿ ಕೊಡುತ್ತೇನೆ. ನೀನು ಹೇಳಬೇಡ ಅಂದೆ, ಆದರೆ ಮಾತು ಅಂದರೆ ಮಾತು, ನಿನ್ನ ಪತ್ರ ಓದಿದ ದಿನವೇ ಹೋಗಿ ಹೇಳಿದೆ. ಅವನು ಕುಣಿಯುತ್ತಾನೆ ಅಂದುಕೊಂಡಿದ್ದೆ. ಇಲ್ಲ, "ನಮ್ಮಮ್ಮಂಗೆ ಕಡೇ ದಿನಗಳಲ್ಲಿ ನಿಮ್ಮ ಹಣ್ಣೇ ಹೋಗ್ತಿದ್ದಿದ್ದು" ಅಂದ. ಮನುಷ್ಯ ಕೆಟ್ಟವನಲ್ಲ. ಇಷ್ಟು ವರ್ಷ ಜಗಳ ಆಡಿದ್ದಕ್ಕೆ ಬೇಜಾರಾಯಿತು.

ಹಲಗೆಗಳನ್ನು ಬಡಗಿ ತೆಗೆದುಕೊಂಡು ಹೋದ. ಕಂಬಳಿಗಳನ್ನು ಲಾಂಡ್ರಿಯವನು ದುಡ್ಡು ಬೇಡ ಅಂತ ಒಗೆದುಕೊಟ್ಟ. ಒಗೆದ ಮೇಲೆ ಅವು ಬೇರೆ ಯಾರದೋ ಕಂಬಳಿಗಳ ಹಾಗಿವೆ. ತೂತಿನ ಕಂಬಳಿಯನ್ನು ಒಗೆಯಲು ಕೊಡಲಿಲ್ಲ, ನಿನಗೆ ಇಟ್ಟಿದ್ದೇನೆ. ಕೋಣೆಯಲ್ಲಿದ್ದ ಕಾಯಿ ಸುಕ್ಕು ಬೀಳಲು ಶುರುವಾಗಿತ್ತು, ಹಂದಿ ಸಾಕುವವನಿಗೆ ಕೊಟ್ಟೆ. ಮೆಟ್ಟಿಲ ಕೆಳಗಿನವು ಇನ್ನೂ ಹಾಗೇ ಇವೆ, ಏನು ಮಾಡುವುದೆಂದು ತೋಚುತ್ತಿಲ್ಲ.

ನನಗೆ ದುಃಖ ಇಲ್ಲ ಅಂತ ಬರೆಯಲು ಹೊರಟಿದ್ದೆ. ಇದೆ. ಕಿವಿ ಹೋದಾಗ ಇಷ್ಟು ಅನ್ನಿಸಿರಲಿಲ್ಲ, ಕೇಳಬೇಕಾದದ್ದೆಲ್ಲ ಕೇಳಿಯಾಗಿತ್ತು. ಮೂಗಿನಿಂದ ನಾನು ನಾನಾಗಿದ್ದೆ. ಈಗ ಬೆಳಗ್ಗೆ ಎದ್ದರೆ ಕೈ ಕೀಲಿಗೆ ಹೋಗುತ್ತದೆ, ಆಮೇಲೆ ಯಾಕೆ ಅಂತ ನಿಲ್ಲುತ್ತದೆ.

ನೀನು ಕೆಲಸದ ಕಡೆ ಗಮನ ಕೊಡು. ನನಗೋಸ್ಕರ ರಜೆ ಹಾಕಬೇಡ.

ದೊಡ್ಡಮ್ಮ


ಅಕ್ಟೋಬರ್ 8

ದೊಡ್ಡಮ್ಮ, ನನ್ನ ದೊಡ್ಡಮ್ಮ,

ನಿನ್ನ ಮೂಗು ಕೆಟ್ಟಿಲ್ಲ. ಮೊದಲು ಇದನ್ನು ಓದು, ಲಾಂಡ್ರಿಯವನ ಹತ್ತಿರವೂ ಗಟ್ಟಿಯಾಗಿ ಓದಿಸು, ಆಮೇಲೆ ಮುಂದಿನದು.

ವಾಸನೆ ಬರಲಿಲ್ಲ ಅಂದರೆ ಅಲ್ಲಿ ವಾಸನೆ ಹುಟ್ಟಲೇ ಇಲ್ಲ. ಗುಡ್ಡದ ತೋಟಕ್ಕೆ ನಮ್ಮ ಮದ್ದು ಹೊಡೆದಿದ್ದಾರೆ. ಒಂದು ಕಾಯಿಯೂ ಉದುರಲಿಲ್ಲ ಎಂದು ಅವನು ಮೀಸೆ ತಿರುವಿದ ಅಂತ ಬರೆದಿದ್ದೆಯಲ್ಲ, ಆ ಸಾಲು ಓದಿದಾಗಲೇ ನನಗೆ ಅನುಮಾನ ಬಂತು. ಆದರೂ ಇರಲಾರದು ಅಂದುಕೊಂಡೆ. ಎರಡನೇ ಪತ್ರ ಬಂದ ಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. ಅವರು ಅಲ್ಲ ಎನ್ನಲಿಲ್ಲ, ಯಾವ ಜಾಡಿಗಳು ಆ ತೋಟದವು ಎಂದು ನಂಬರಿನ ಪಟ್ಟಿಯನ್ನೂ ತೋರಿಸಿದರು. "ಪ್ರಯೋಗ ಮುಗಿಯೋವರೆಗೂ ಹೊರಗೆ ಹೇಳೋ ಹಾಗಿಲ್ಲ, ನೀವು ಸಹಿ ಹಾಕಿದೀರಿ" ಅಂದರು. ನಾನು ನನ್ನ ಮೇಜಿಗೆ ಬಂದು ಕೂತು ಆ ನೆಗಡಿಯ ಪತ್ರ ಬರೆದೆ. ಸುಳ್ಳು ಹೇಳುತ್ತಿಲ್ಲ, ಬರೀ ಕಾಲ ತಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರಯೋಗ ತಿಂಗಳ ಕೊನೆಗೆ ಮುಗಿಯುತ್ತದೆ, ಆಮೇಲೆ ಎಲ್ಲ ಹೇಳಿದರಾಯಿತು, ಅಷ್ಟರಲ್ಲಿ ಏನಾದೀತು ಎಂದುಕೊಂಡೆ. ನೀನು ನನ್ನನ್ನು ಇಷ್ಟು ನಂಬುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ.

ನಿನ್ನ ಪತ್ರ ಇವತ್ತು ಬೆಳಗ್ಗೆ ಬಂತು. ಮೂಗಿನಿಂದ ನಾನು ನಾನಾಗಿದ್ದೆ ಎಂದು ಬರೆದಿದ್ದೀಯ. ಅದನ್ನು ಓದಿ ನನಗೆ ಕೂರಲಾಗಲಿಲ್ಲ. ಮುಖ್ಯಸ್ಥರ ಹತ್ತಿರ ಹೋಗಿ, ನಾನು ಮನೆಗೆ ಬರೆಯುತ್ತಿದ್ದೇನೆ ಎಂದೂ ಏನು ಬರೆಯುತ್ತಿದ್ದೇನೆ ಎಂದೂ ಹೇಳಿ ಬಂದಿದ್ದೇನೆ. ಅವರು ಕನ್ನಡಕ ತೆಗೆದು ಒರೆಸಿದರು. ಏನು ಮಾಡುತ್ತಾರೋ ಗೊತ್ತಿಲ್ಲ.

ಈಗ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳ ವಿಷಯ. ಅವನ್ನು ಹಂದಿಗೆ ಹಾಕಬೇಡ. ನಮ್ಮ ಮದ್ದು ಕಾಯಿ ತಾನಾಗಿ ಅನಿಲ ತಯಾರಿಸುವುದನ್ನು ಮಾತ್ರ ತಡೆಯುತ್ತದೆ. ಹೊರಗಿನಿಂದ ಬಂದರೆ ಅದಕ್ಕೆ ಕೇಳಿಸುತ್ತದೆ, ಮಾಗುತ್ತದೆ. ಅಂದರೆ ಅವಕ್ಕೆ ಬೇಕಾದದ್ದು ಒಬ್ಬಳು ತಾಯಿ. ಇನ್‌ಸ್ಪೆಕ್ಟರ್ ಬೇಡ ಎಂದ ಅದೇ ತಾಯಿ ಹಣ್ಣು. ಪೆಟ್ಟಿಗೆಗೆ ಒಂದು ಇಟ್ಟು ಕಂಬಳಿ ಹೊದಿಸಿ, ಬೆಚ್ಚಗಿರುವ ಕಡೆ ಇಡು.

ಇದರ ಜೊತೆ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಹೋಲಿಸಿ ನೋಡಲು ಅದೇ ತೋಟದಲ್ಲಿ ಕೆಲವು ಮರಗಳಿಗೆ ಮದ್ದು ಹೊಡೆದಿರಲಿಲ್ಲ. ಆ ಮರಗಳ ಹಣ್ಣು ಇವು, ನಮ್ಮ ಜಾಡಿಗಳಲ್ಲಿ ಕೆಲಸ ಮುಗಿಸಿ ಕಳಿತಿವೆ. ಬರುವ ಹೊತ್ತಿಗೆ ಎಷ್ಟು ಉಳಿದಿರುತ್ತವೋ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಲಾಂಡ್ರಿಯವನ ನಂಬರು ನನ್ನ ಹತ್ತಿರ ಇಲ್ಲ. ಇದು ಹತ್ತನೇ ತಾರೀಖಿನ ಮೊದಲು ತಲುಪಲಿ ಎಂದು ಅಂಚೆಕಚೇರಿಯವರ ಕಾಲು ಹಿಡಿಯುವುದೊಂದು ಬಾಕಿ.

ನನ್ನನ್ನು ಬೈ. ಬೈದು ಬರೆ. ಸುಮ್ಮನಿರಬೇಡ.

ಕಾಯಿಮರಿ


ಅಕ್ಟೋಬರ್ 26

ಕಾಯಿಮರಿ,

ಬೈಯುವುದಕ್ಕೇ ಕೂತಿದ್ದೇನೆ. ತಡವಾದದ್ದು ಕೋಪದಿಂದಲ್ಲ, ಕೈತುಂಬ ಕೆಲಸ ಇತ್ತು.

ಪೆಟ್ಟಿಗೆ ಹದಿಮೂರಕ್ಕೆ ಬಂತು. ಕೀಲಿ ಹತ್ತಕ್ಕೇ ಹೋಗಿತ್ತು. ಕೋಣೆಯ ಬಾಗಿಲು ಕಿತ್ತು ಅಗಲ ಮಾಡಿ, ಒಳಗೆ ಎರಡು ಮೋಟಾರ್ ಸೈಕಲ್ ನಿಲ್ಲಿಸಿದ್ದರು. ಅದು ಮುಗಿದ ಕಥೆ. ನಾನು ವಾಪಸ್ ಕೇಳಲಿಲ್ಲ, ಕೇಳುವುದೂ ಇಲ್ಲ.

ಆವತ್ತು ನಾನು ಮಹಡಿಯ ನಮ್ಮ ಮನೆಯಿಂದ ಇಳಿಯುತ್ತಿದ್ದೆ. ಮೊಣಕಾಲಿಗಾಗಿ ತಿರುವಿನಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಅಲ್ಲಿ ನಿಂತಿದ್ದಾಗ ಬಂತು. ಕೆಳಗೆ ಯಾರಿದ್ದಾರೆ, ಏನಿದೆ, ಒಂದೂ ಕಾಣುತ್ತಿರಲಿಲ್ಲ. ಜೇನು, ಅದರ ಹಿಂದೆ ಸ್ವಲ್ಪ ಹೆಂಡ. ನನ್ನ ಬಾಯಿಂದ ತಾನಾಗಿ ಬಂತು: "ಗುಡ್ಡದ ತೋಟದ್ದು, ಮೇಲಿನ ಸಾಲು, ಎರಡು ದಿನ ಮೀರಿದೆ." ಇಳಿದು ನೋಡಿದರೆ ಅಂಚೆಯವನು ಲಾಂಡ್ರಿಯ ಬಾಗಿಲಲ್ಲಿ ಒದ್ದೆಯಾದ ಪೆಟ್ಟಿಗೆಯನ್ನು ಮೈಗೆ ತಾಗದ ಹಾಗೆ ಎತ್ತಿ ಹಿಡಿದು ನಿಂತಿದ್ದಾನೆ. "ಏನೋ ಸೋರ್ತಿದೆ ಅಮ್ಮ, ಬ್ಯಾಗಲ್ಲಿರೋ ಕಾಗದ ಎಲ್ಲ ಅಂಟಂಟು" ಅಂದ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವನು ಪಾಪ, ಪೆಟ್ಟಿಗೆ ಹಾಳಾದದ್ದಕ್ಕೆ ಅಂದುಕೊಂಡು, "ತೊಳೆದ್ರೆ ಹೋಗತ್ತಮ್ಮ" ಅಂತ ಸಮಾಧಾನ ಮಾಡಿದ.

ಪತ್ರ ಆಮೇಲೆ ಓದಿದೆ. ಅದು ಹೇಳಿದ್ದು ನನಗೆ ಆಗಲೇ ಗೊತ್ತಾಗಿತ್ತು. ಮೇಲಿನ ಸಾಲು ಹೌದೋ ಅಲ್ಲವೋ ನಿನ್ನ ಕಾಗದಪತ್ರ ನೋಡಿ ಹೇಳು. ಅಲ್ಲ ಅಂದರೆ ನಿನ್ನ ಕಾಗದಪತ್ರ ತಪ್ಪು. ಹಾಲಿನ ವಿಷಯ ಲಾಂಡ್ರಿಯವನಿಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ. "ಅವತ್ತು ನೀವು ಇಲ್ಲೇ ನನ್ನ ಜೊತೆ ಮತ್ತೆ ಬಾಯ್ಲರ್ ಜಗಳ ಆಡ್ತಾ ನಿಂತಿದ್ರಿ, ಮನೇಲೆಲ್ಲಿದ್ರಿ?" ಅಂದ. ಹೌದು. ಹೆದರಿಕೆ ಹೊಕ್ಕರೆ ಬುದ್ಧಿ ಹೊರಗೆ ಹೋಗುತ್ತದೆ.

ಈಗ ಬೈಗುಳ. ನಾಲ್ಕು ಸಾಲು ಬರೆದು ನನ್ನನ್ನು ಮುದುಕಿ ಮಾಡಿಬಿಟ್ಟೆಯಲ್ಲೇ. ಹೇಳುವ ಹಾಗಿಲ್ಲ ಅಂದಿದ್ದರೆ ಸಾಕಿತ್ತು, ನಾನು ಕೇಳುತ್ತಿರಲಿಲ್ಲ. ನೆಗಡಿ ಅಂತ ಯಾಕೆ ಬರೆದೆ? ಆ ಪತ್ರವನ್ನು ಹರಿಯಲು ಮನಸ್ಸು ಬರಲಿಲ್ಲ, ನಿನ್ನ ಕೈಬರಹ ಅಂತ. ಮೊನ್ನೆ ಹರಿದೆ. ಬೈದದ್ದು ಮುಗಿಯಿತು. ಮುಖ್ಯಸ್ಥರ ಕೋಣೆಗೆ ಎರಡನೇ ಸಲ ಹೋದೆಯಲ್ಲ, ಅದನ್ನೂ ನಾನು ಓದಿದ್ದೇನೆ.

ನಿನ್ನ ಹಣ್ಣುಗಳಲ್ಲಿ ಮೂರು ಆಕಾರ ಉಳಿಸಿಕೊಂಡಿದ್ದವು, ಉಳಿದವು ಪಾಯಸ. ಪಾಯಸವನ್ನೂ ಬಿಡಲಿಲ್ಲ, ಬಟ್ಟಲಿಗೆ ಬಳಿದು ಪೆಟ್ಟಿಗೆಗಳ ನಡುವೆ ಇಟ್ಟೆ. ಕೋಣೆ ಇಲ್ಲವಲ್ಲ, ಮಂಚದ ಕೆಳಗೆ ಸೇರಿಸಿ ನಾಲ್ಕೂ ಕಡೆ ಕಂಬಳಿ ಇಳಿಬಿಟ್ಟೆ. ಲಾಂಡ್ರಿಯವನು ದಿನಕ್ಕೆ ಎರಡು ಸಲ ಬಿಸಿನೀರಿನ ಕ್ಯಾನು ತಂದು ಕಂಬಳಿಯೊಳಗೆ ತಳ್ಳುತ್ತಿದ್ದ. ನಾನು ಮೇಲೆ ಮಲಗಿದೆ. ನಿನ್ನನ್ನು ಪೆಟ್ಟಿಗೆಗಳ ನಡುವೆ ಮಲಗಿಸುತ್ತಿದ್ದೆನಲ್ಲ, ಈ ವಯಸ್ಸಿನಲ್ಲಿ ನನಗೂ ಅದೇ ಗತಿಯಾಯಿತು ಅಂತ ನಗು ಬಂತು. ಐದನೇ ದಿನ ಒದ್ದೆ ಹುಲ್ಲು. ಎಂಟನೇ ದಿನ ಬೆಳಗ್ಗೆ ವಾಸನೆಯೇ ಎಬ್ಬಿಸಿತು. ಮೇಲಿನ ಮನೆಯವಳು, ಅವಳ ಅತ್ತೆ, ಮೋಟಾರ್ ಸೈಕಲ್ ಅಳಿಯ, ಎಲ್ಲರೂ ಬಾಗಿಲಿಗೆ ಬಂದು ಏನದು ಏನದು ಅಂದರು. ಆಸ್ಪತ್ರೆಗೆ ಕಳಿಸಿದೆ. ಅಡುಗೆಯವನು ತಾನೇ ಖಾಲಿ ಪೆಟ್ಟಿಗೆ ಹೊತ್ತುಕೊಂಡು ಬಂದ. "ಮೊಳೆ ಮಾತು ಮರ್ತುಬಿಡಿ ಅಮ್ಮ" ಅಂದ. ಹದಿನೆಂಟನೇ ವಾರ್ಡಿನ ಅಜ್ಜ ಒಬ್ಬರು ಬಟ್ಟಲನ್ನೂ ನೆಕ್ಕಿದರಂತೆ.

ನಿನ್ನ ಮುಖ್ಯಸ್ಥರಿಗೆ ನಾನು ಹೇಳಿದೆ ಅಂತ ಹೇಳು. ಮದ್ದು ಮಾಡಲಿ, ಗಾಳಿಗೆ ಉದುರಿ ಹೋಗುವುದಕ್ಕಿಂತ ಮರದಲ್ಲಿರುವುದು ಮೇಲು. ಆದರೆ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಲಿ, ಇದಕ್ಕೆ ತಾಯಿ ಹಣ್ಣು ಇಡಬೇಕು ಅಂತ. ಇನ್ನೊಬ್ಬಳು ತನ್ನ ಮೂಗಿನ ಮೇಲೆ ಅನುಮಾನಪಟ್ಟು ಕೀಲಿ ಕೊಡುವುದು ಬೇಡ.

ನಿನ್ನ ಕೆಲಸ ಹೋದರೆ ಬಾ. ಉಳಿದರೂ ಬಾ. ಒಂದು ಪೆಟ್ಟಿಗೆಯನ್ನು ಮಂಚದ ಕೆಳಗೆ ಸೇರಿಸಲಿಲ್ಲ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತಣ್ಣಗೆ ಬಿಟ್ಟಿದ್ದೇನೆ. ಅದಕ್ಕೆ ತಾಯಿ ಹಣ್ಣು ಇಟ್ಟಿಲ್ಲ. ನಿನ್ನ ಮದ್ದಿನ ದಯೆ, ಇನ್ನೂ ಕಲ್ಲಿನ ಹಾಗಿದೆ, ಇನ್ನಷ್ಟು ದಿನ ಇರುತ್ತದೆ. ನಿನಗೆ ಎಂದು ರಜೆ ಸಿಗುತ್ತದೆ ತಿಳಿಸು, ಅದಕ್ಕೆ ಎಂಟು ದಿನ ಮುಂಚೆ ಇಡುತ್ತೇನೆ.

ಟವೆಲ್ ತೊಳೆದಿಟ್ಟಿದ್ದೇನೆ. ಈ ಸಲ ಇಣುಕಬೇಡ.

ದೊಡ್ಡಮ್ಮ